ಹನ್ನೊಂದನೇ ಬೋರಿನ ದಾರಗಳು

2023ರ ಮಾರ್ಚ್ 14, ಮಂಗಳವಾರ, ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ಕೌಂಟಿ ಆರೋಗ್ಯ ಕಚೇರಿಯ ಬಿಳಿ ಕಾರು ಕ್ವಾಮ್ ಡ್ರಿಲ್ಲಿಂಗ್ ಶೆಡ್ಡಿನ ಮುಂದೆ ಬಂದು ನಿಂತಿತು. ಒಳಗೆ ಲೀಲಂಡ್ ಕ್ವಾಮ್ ಒಬ್ಬನೇ ಇದ್ದ. ಬೋರಿನ ಸಂದಿಗೆ ಜೇಡಿ ತುಂಬುವ ಗ್ರೌಟ್ ಪಂಪಿನ ಬಾಯಿಗೆ ಹೋದ ವರ್ಷದ ಜೇಡಿ ಕಲ್ಲಿನಂತೆ ಅಂಟಿಕೊಂಡಿತ್ತು. ಅದನ್ನು ಉಳಿಯಿಂದ ಕೆರೆಯುತ್ತಿದ್ದ. ಚಳಿಗಾಲ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಮಾಡುವ ಕೆಲಸ.

ಕಾರಿನಿಂದ ಇಳಿದ ಮಿಸೆಸ್ ಯೇಗರ್ ಬೂಟಿನ ಹಿಮವನ್ನು ಹೊಸ್ತಿಲಿಗೆ ಒದ್ದು ಉದುರಿಸಿದರು. ಕೌಂಟಿಯ ಬಾವಿಗಳ ಮೇಲ್ವಿಚಾರಣೆ ಅವರದು. ಇಪ್ಪತ್ತು ವರ್ಷದಿಂದ ಈ ಶೆಡ್ಡಿಗೆ ಬಂದು ಹೋಗುತ್ತಿದ್ದವರು.

"ಮಾರಿಟ್ ಇಲ್ವಾ?"

"ಹೊಳೆ ಆಚೆ ಬೋರ್ ನೋಡೋಕೆ ಹೋಗಿದಾಳೆ. ಕಾಫಿ ಕುಡೀತೀರಾ?"

"ನಿಮ್ಮ ಕಾಫೀನೂ ನಿಮ್ಮ ಗ್ರೌಟೂ ಒಂದೇ ಡಬ್ಬೀಲಿ ಕಲಸ್ತೀರ ಅಂತ ಗೊತ್ತು. ಬೇಡ." ನಗು ಅಲ್ಲಿಗೇ ನಿಂತಿತು. "ಚರ್ಚಿನ ಕಾಗದ ಬೇಕಿತ್ತು, ಲೀಲಂಡ್. 2019ರದ್ದು. ಹದಿನಾರು ಬೋರಿಂದೂ."

"ಯಾಕೆ?"

"ಒಪ್ಡಾಲ್ ಮಗು. ಕೇಳಿರಬೇಕಲ್ಲ."

ಕೇಳಿದ್ದ. ಚರ್ಚಿನ ಗುಡ್ಡದ ಕೆಳಗೆ ಹಸು ಸಾಕಿಕೊಂಡಿರುವ ಡ್ವೇನ್ ಒಪ್ಡಾಲ್, ಅವನ ಹೆಂಡತಿ ಕೆಂಡ್ರಾ. ಡಿಸೆಂಬರಿನಲ್ಲಿ ಹುಟ್ಟಿದ ಮಗು ಹ್ಯಾಟಿ. ಭಾನುವಾರ ಮಗುವಿನ ತುಟಿ ನೀಲಿಯಾಗಿ, ಆಮೇಲೆ ಮುಖವೆಲ್ಲ ಹಲಗೆಬಳಪದ ಬಣ್ಣಕ್ಕೆ ತಿರುಗಿತ್ತು. ಹಿಮಗಾಳಿಗೆ ರಸ್ತೆ ಮುಚ್ಚಿತ್ತು. ಆಂಬುಲೆನ್ಸಿನ ಮುಂದೆ ಹಿಮ ತಳ್ಳುವ ಗಾಡಿ ಹೋಗಬೇಕಾಯಿತು. ಆಸ್ಪತ್ರೆ ಸೇರುವಾಗ ನಾಲ್ಕು ಗಂಟೆ ಕಳೆದಿತ್ತು.

"ಬಾವಿ ನೀರಲ್ಲಿ ನೈಟ್ರೇಟ್ ಮೂವತ್ತೆಂಟು ಬಂತು," ಎಂದರು ಮಿಸೆಸ್ ಯೇಗರ್. "ಹತ್ತು ದಾಟಬಾರದು. 2015ರಲ್ಲಿ ನೀವು ಆ ಬಾವಿ ಕೊರೆದಾಗ ಸೊನ್ನೆ ಪಾಯಿಂಟ್ ನಾಲ್ಕು ಇತ್ತು. ದೊಡ್ಡೋರು ಕುಡಿದರೆ ಏನೂ ಗೊತ್ತಾಗಲ್ಲ, ಹಸುಗೂಸಿನ ರಕ್ತಕ್ಕೆ ಆಮ್ಲಜನಕ ಹಿಡಿಯೋಕೇ ಬಿಡಲ್ಲ. ಮಗೂಗೆ ಪುಡಿ ಹಾಲು ಅದರಲ್ಲೇ ಕಲಸ್ತಿದ್ರು. ಪಾಪ, ಕೆಂಡ್ರಾ ಹತ್ತು ನಿಮಿಷ ಕುದಿಸ್ತಿದ್ಳಂತೆ."

ಲೀಲಂಡ್ ಉಳಿಯನ್ನು ಕೆಳಗಿಟ್ಟ. ಕುದಿಸಿದರೆ ಆವಿಯಾಗುವುದು ನೀರು. ನೈಟ್ರೇಟ್ ಉಳಿದು ಇನ್ನೂ ದಟ್ಟವಾಗುತ್ತದೆ. ತಾಯಿ ಜೋಪಾನ ಮಾಡಿದಷ್ಟೂ ಮಗುವಿಗೆ ಹೆಚ್ಚು ಹೋಗಿದೆ.

"ಎಲ್ಲಿಂದ ಬಂತು ಅಂತೀರಿ?"

"ಜನವರೀಲಿ ಡ್ವೇನ್ ಗುಡ್ಡದ ಹೊಲದಲ್ಲಿ ಹಿಮದ ಮೇಲೇ ಸಗಣಿ ಹರಡಿದ್ದ. ಸಗಣಿ ಹೊಂಡ ತುಂಬಿ ಹೋಗಿತ್ತು, ಬೇರೆ ದಾರಿ ಇರಲಿಲ್ಲ ಅಂತಾನೆ. ಫೆಬ್ರವರೀಲಿ ಒಂದು ವಾರ ಕರಗಿತಲ್ಲ, ಆಗ ಇಳಿದಿರಬೇಕು. ನಿಮ್ಮ ಕಾಗದ ಸುಮ್ಮನೆ ಫೈಲಿಗೆ. ಸುತ್ತ ಸಾವಿರ ಅಡಿ ಒಳಗಿರೋ ತೂತುಗಳನ್ನೆಲ್ಲಾ ನೋಡಿದೀನಿ ಅಂತ ಬರೀಬೇಕು."

ಅವನು ಕಬ್ಬಿಣದ ಬೀರುವಿನಿಂದ ಫೈಲು ತೆಗೆದುಕೊಟ್ಟ. ಅವರು ನಿಂತಲ್ಲೇ ಹಾಳೆ ತಿರುವಿದರು. ಪ್ರತಿ ಬೋರಿಗೂ ಒಂದೊಂದು ಹಾಳೆ. ಆಳ ಇನ್ನೂರು ಅಡಿ. ಗ್ರೌಟ್ ತಳದಿಂದ ಮೇಲಿನವರೆಗೆ. ಚೀಲ ಹನ್ನೊಂದು, ಹತ್ತು, ಹನ್ನೊಂದು, ಹನ್ನೊಂದು. ಪ್ರತಿಯೊಂದರ ಕೆಳಗೂ ಲೀಲಂಡನ ಅಣ್ಣನ ಮಗಳು ಮಾರಿಟಳ ದುಂಡನೆಯ ಸಹಿ.

"ಆಗ ಪಂಪ್ ಮೇಲಿದ್ದಿದ್ದು ನೀವೇ ಅಲ್ವಾ? ಹದಿನಾರೂ ನಿಂತ್ವಾ?"

"ನಿಂತವು," ಎಂದ ಲೀಲಂಡ್.

*

ನೆಲದ ಬಿಸಿಯನ್ನು ಮನೆಗೆ ತರುವ ವಿದ್ಯೆ ಕಷ್ಟದ್ದಲ್ಲ. ಇನ್ನೂರು ಅಡಿ ಕೊರೆದು, ತಳದಲ್ಲಿ ಯು ಆಕಾರಕ್ಕೆ ಬಗ್ಗಿದ ಕಪ್ಪು ಪೈಪು ಇಳಿಸುತ್ತಾರೆ. ಅದರಲ್ಲಿ ಹೆಪ್ಪುಗಟ್ಟದ ದ್ರವವೊಂದು ಸುತ್ತುತ್ತಾ ಕೆಳಗಿನ ಬಿಸಿಯನ್ನು ಹೊತ್ತು ಮೇಲೆ ಬರುತ್ತದೆ. ಆದರೆ ತೂತು ಆರು ಇಂಚು ಅಗಲ, ಪೈಪು ಅದರ ಅರ್ಧದಷ್ಟೂ ಇಲ್ಲ. ಸರ್ಕಾರದ ನಿಯಮಗಳಲ್ಲಿ ಹೆಚ್ಚಿನವು ಪೈಪಿನ ಸುತ್ತ ಉಳಿಯುವ ಆ ಖಾಲಿ ಜಾಗದ ಮೇಲಿನವು. ಅದನ್ನು ತಳದಿಂದ ಮೇಲಿನವರೆಗೂ ಜೇಡಿಮಣ್ಣಿನ ಗ್ರೌಟಿನಿಂದ ಮುಚ್ಚಬೇಕು. ಮೇಲಿನಿಂದ ಸುರಿಯಬಾರದು, ತಳಕ್ಕೆ ಕೊಳವೆ ಇಳಿಸಿ, ಅಲ್ಲಿಂದ ಪಂಪು ಮಾಡುತ್ತಾ ಬರಬೇಕು.

ಗ್ರೌಟ್ ಬಾಯಿಯವರೆಗೆ ಬಂದಾಗ ಪಂಪು ನಿಲ್ಲಿಸಿ ಕಾಯುತ್ತಾರೆ. ಕುಸಿಯದೆ ಉಳಿದರೆ ಪಂಪಿನವನು "ನಿಂತಿದೆ!" ಎಂದು ಕೂಗಬೇಕು. ಆ ಕೂಗು ಕೇಳಿದ ಮೇಲೇ ಯಂತ್ರ ಮುಂದಿನ ತೂತಿಗೆ ಹೋಗುವುದು. ಲೀಲಂಡನ ಅಪ್ಪನ ಕಾಲದಿಂದ ಅದೇ ಪದ್ಧತಿ. ಪಂಪಿನವನ ಆ ಒಂದು ಮಾತನ್ನು ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಈ ಕಡೆಯ ನೆಲದ ಮೇಲಿನ ಭಾಗವೆಲ್ಲ ಬಿರುಕುಬಿಟ್ಟ ಸುಣ್ಣಕಲ್ಲು. ಮೇಲೆ ಚೆಲ್ಲಿದ್ದು ಮೂರು ದಿನದಲ್ಲಿ ಎಲ್ಲೋ ಒಂದು ಊಟೆಯಲ್ಲಿ ಕಾಣಿಸುತ್ತದೆ. ನೂರಡಿಯ ಕೆಳಗೆ ಹಸಿರು ಬಣ್ಣದ ಜೇಡಿಗಲ್ಲಿನ ಪದರ. ನೀರು ಅದನ್ನು ದಾಟುವುದಿಲ್ಲ. ಅದರ ಕೆಳಗಿನದು ಊರು ಕುಡಿಯುವ ನೀರು. ಬೋರು ಹಾಕುವವನು ಆ ಹಸಿರು ಮುಚ್ಚಳಕ್ಕೆ ತೂತು ಹೊಡೆಯುತ್ತಾನೆ. ಹೊಡೆದ ಮೇಲೆ ಮುಚ್ಚುವ ಜವಾಬ್ದಾರಿಯೂ ಅವನದೇ.

2019ರ ನವೆಂಬರ್ 21, ಗುರುವಾರ. ಈಸ್ಟ್ ವಾಂಗ್ ಲೂಥರನ್ ಚರ್ಚಿನ ಹಳೇ ಬಾಯ್ಲರ್ ಸತ್ತು ಮೂರು ವಾರವಾಗಿತ್ತು, ಅದರ ಬದಲಿಗೆ ಹದಿನಾರು ಬೋರಿನಿಂದ ನೆಲದ ಬಿಸಿ ಬರಬೇಕಿತ್ತು. ಶನಿವಾರ ನೆಲಮಾಳಿಗೆಯಲ್ಲಿ ವರ್ಷದ ಲುಟೆಫಿಸ್ಕ್ ಊಟ. ಕ್ಷಾರದಲ್ಲಿ ನೆನೆಸಿ ಲೋಳೆಯಾದ ಮೀನಿಗಾಗಿ ಏಳುನೂರು ಜನ ಬರುವವರಿದ್ದರು. ಅಡುಗೆಮನೆಯ ಮುಖ್ಯಸ್ಥೆ ಬರ್ನಿಸ್ ಏಪ್ರನ್ ಮೇಲೆ ಕೋಟು ಹಾಕಿಕೊಂಡು ಹೊರಗೆ ಬಂದು ಗ್ರೌಟಿನ ತೊಟ್ಟಿ ಇಣುಕಿ ನೋಡಿದ್ದಳು.

"ಅಯ್ಯೋ, ನಮ್ಮ ಮೀನನ್ನ ಯಾರೋ ಇಲ್ಲಿ ಸುರಿದಿದಾರೆ!"

"ನಿಂದಕ್ಕಿಂತ ನಂದು ಗಟ್ಟಿ ಇದೆ, ಬರ್ನಿಸ್," ಎಂದಿದ್ದ ಲೀಲಂಡ್. "ಬೆಣ್ಣೆ ಹಾಕಿ ಬಡಿಸು, ಯಾರಿಗೂ ಗೊತ್ತಾಗಲ್ಲ."

ಅಣ್ಣ ಆರ್ವಿಡ್ ಬಿದ್ದು ಬಿದ್ದು ನಕ್ಕಿದ್ದ. ಆರ್ವಿಡ್ ನಿಯಮ ಮುರಿಯುವ ಪೈಕಿಯವನಲ್ಲ. ಬಾವಿಯಿಂದ ಐವತ್ತು ಅಡಿ ದೂರ ಎಂದರೆ ಅರವತ್ತು ಬಿಡುವವನು. ಪೈಪಿಗೆ ವಿಷವಿಲ್ಲದ ದ್ರವವನ್ನೇ ಹಾಕಬೇಕೆಂಬ ನಿಯಮ ಬರುವುದಕ್ಕೆ ಮೊದಲೇ ಅದನ್ನು ಹಾಕುತ್ತಿದ್ದವನು. ಚರ್ಚಿನ ಕೆಲಸವನ್ನು ತನ್ನ ಮಗಳ ಹೆಸರಲ್ಲಿ ಮಾಡಿಸುತ್ತಿದ್ದ. ಮಾರಿಟ್‌ಗೆ ಸೆಪ್ಟೆಂಬರಿನಲ್ಲಷ್ಟೇ ಲೈಸೆನ್ಸ್ ಬಂದಿತ್ತು. ಚರ್ಚಿನ ವರದಿಯೇ ಅವಳ ಮೊದಲ ಸಹಿಯಾಗಲಿ ಎಂಬ ಆಸೆ.

ಮಧ್ಯಾಹ್ನ ಎರಡಕ್ಕೆ ಹನ್ನೊಂದನೇ ಬೋರಿಗೆ ಗ್ರೌಟ್ ಶುರುವಾಯಿತು. ಹತ್ತು ಚೀಲಕ್ಕೆ ತುಂಬಬೇಕಿತ್ತು. ಹದಿನೈದಾಯಿತು, ಇಪ್ಪತ್ತಾಯಿತು, ಬಾಯಿಯಲ್ಲಿ ಏನೂ ಕಾಣಲಿಲ್ಲ. ಕೆಳಗೆಲ್ಲೋ ಬಿರುಕು ಕುಡಿಯುತ್ತಿತ್ತು. ಮೂವತ್ತೊಂದಕ್ಕೆ ಲಾರಿಯ ಮೇಲಿದ್ದದ್ದು ಮುಗಿಯಿತು. ಇಂಥ ಹೊತ್ತಲ್ಲಿ ನಿಯಮ ಹೇಳುವುದು ಸ್ಪಷ್ಟ: ಕೆಲಸ ನಿಲ್ಲಿಸು, ರಾಜ್ಯದ ಕಚೇರಿಗೆ ಫೋನು ಮಾಡು, ಅವರ ಇಂಜಿನಿಯರ್ ಬರುವವರೆಗೆ ಕಾಯಿ. ಎರಡು ವಾರ, ಕೆಲವು ಸಲ ಮೂರು.

ಆರ್ವಿಡ್ ಚರ್ಚಿನ ಕಡೆ ನೋಡಿದ, ಆಕಾಶದ ಕಡೆ ನೋಡಿದ. "ಚಿಪ್ಸ್ ಎಷ್ಟಿದೆ?"

"ಒಂಬತ್ತು ಚೀಲ."

"ಸುರಿ."

ಚಿಪ್ಸ್ ಎಂದರೆ ಒಣ ಜೇಡಿಯ ಚೂರು. ನೀರು ತಾಗಿದರೆ ಊದಿಕೊಳ್ಳುತ್ತದೆ. ನಿಧಾನವಾಗಿ ಸುರಿದರೆ ತಳಕ್ಕೆ ಹೋಗಿ ಕೂರುತ್ತದೆ. ಅವಸರ ಮಾಡಿದರೆ ಅರ್ಧ ದಾರಿಯಲ್ಲಿ ಪೈಪಿಗೂ ಗೋಡೆಗೂ ಸಿಕ್ಕಿಕೊಂಡು, ಊದಿ, ಬಿರಡೆಯ ಹಾಗೆ ನೇತಾಡುತ್ತದೆ. ಆದ್ದರಿಂದ ಸುರಿಯುವ ಮೊದಲು ತೂಕ ಕಟ್ಟಿದ ಟೇಪು ಇಳಿಸಿ, ಗ್ರೌಟ್ ಎಷ್ಟು ಆಳದಲ್ಲಿದೆಯೆಂದು ನೋಡಬೇಕು. ಟೇಪು ಗಾಡಿಯ ಸೀಟಿನ ಮೇಲಿತ್ತು. ಗಾಡಿ ನಲವತ್ತು ಹೆಜ್ಜೆ ದೂರದಲ್ಲಿತ್ತು. ಕೈಬೆರಳು ಮರಗಟ್ಟಿದ್ದವು.

ಲೀಲಂಡ್ ಒಂಬತ್ತು ಚೀಲವನ್ನು ಹನ್ನೆರಡು ನಿಮಿಷದಲ್ಲಿ ಸುರಿದ. ಒಂಬತ್ತನೆಯದಕ್ಕೆ ತೂತು ಬಾಯಿಯವರೆಗೆ ತುಂಬಿತು.

ಆ ಅಗಲದ ತೂತಿನಲ್ಲಿ ಒಂದು ಚೀಲ ಚಿಪ್ಸ್ ನಾಲ್ಕು ಅಡಿ ತುಂಬುತ್ತದೆ. ಒಂಬತ್ತಕ್ಕೆ ಮೂವತ್ತಾರು. ಹಾಗಿದ್ದರೆ ಹಸಿ ಗ್ರೌಟ್ ಅಷ್ಟು ಮೇಲಿನವರೆಗೆ ಬಂದು ನಿಂತಿರಬೇಕು. ಅಥವಾ ಚಿಪ್ಸ್ ನೇತಾಡುತ್ತಿರಬೇಕು. ಎರಡರಲ್ಲಿ ಯಾವುದೆಂದು ಹೇಳಬಲ್ಲದ್ದು ಟೇಪು ಮಾತ್ರ. ಈಗ ಅದಕ್ಕೂ ದಾರಿಯಿರಲಿಲ್ಲ. ಅವನು ತುಂಬಿದ ಬಾಯಿಯನ್ನು ಒಂದು ನಿಮಿಷ ನೋಡಿದ. ಆಮೇಲೆ ಕೈಯೆತ್ತಿ ಕೂಗಿದ: "ನಿಂತಿದೆ!"

ಯಂತ್ರ ಹನ್ನೆರಡಕ್ಕೆ ಹೋಯಿತು. ಆರ್ವಿಡ್ ಮಗಳಿಗೆ "ಹನ್ನೊಂದು ಚೀಲ" ಎಂದ. ಅವಳು ಹನ್ನೊಂದು ಎಂದು ಬರೆದಳು. ಶನಿವಾರ ಏಳುನೂರು ಜನ ಬೆಚ್ಚಗೆ ಕೂತು ಮೀನು ತಿಂದರು. ಎರಡು ವರ್ಷದ ಮೇಲೆ, 2022ರ ಜನವರಿಯಲ್ಲಿ, ಆರ್ವಿಡ್ ಹೃದಯ ನಿಂತು ತೀರಿಕೊಂಡ.

ಲೀಲಂಡನಿಗೆ ಒಂದು ಹಳೇ ಅಭ್ಯಾಸ. ಚೀಲದ ಬಾಯಿಯ ಹೊಲಿಗೆಯನ್ನು ಒಂದೇ ಎಳೆತಕ್ಕೆ ಬಿಚ್ಚಿ, ಆ ದಾರವನ್ನು ಬೆಲ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಎಣಿಕೆ ತಪ್ಪದಿರಲೆಂದು. ಬೋರು ಮುಗಿದ ಮೇಲೆ ಅಷ್ಟನ್ನೂ ಸೇರಿಸಿ ಗಂಟು ಹಾಕಿ, ನಂಬರಿನ ಚೀಟಿ ಕಟ್ಟಿ, ಕಾಫಿ ಡಬ್ಬಿಯಲ್ಲಿ ಹಾಕುತ್ತಿದ್ದ. ಗ್ರೌಟ್ ಚೀಲದ್ದು ಬಿಳಿ ದಾರ, ಚಿಪ್ಸಿನದು ಕೆಂಪು. ಹನ್ನೊಂದನೇ ಗಂಟಿನಲ್ಲಿ ಮೂವತ್ತೊಂದು ಬಿಳಿ, ಒಂಬತ್ತು ಕೆಂಪು. ಅದನ್ನು ಒಲೆಗೆ ಹಾಕಲು ಮೂರು ಸಲ ಕೈಗೆತ್ತಿಕೊಂಡಿದ್ದ. ಮೂರು ಸಲವೂ ಡಬ್ಬಿಗೇ ಮರಳಿ ಹಾಕಿದ್ದ.

*

ಹ್ಯಾಟಿ ಶನಿವಾರ ಸತ್ತಳು. ಬುಧವಾರ, ಇಪ್ಪತ್ತೆರಡನೇ ತಾರೀಕು, ಮಣ್ಣು.

ಹೊರಗೆ ಸೊನ್ನೆಗಿಂತ ಕೆಳಗೆ. ಚರ್ಚಿನೊಳಗೆ ಜನ ಕೋಟು ಬಿಚ್ಚಿ ಕೂತಿದ್ದರು. ಪೀಠದ ಮುಂದೆ ಬಿಳಿ ಪೆಟ್ಟಿಗೆ. ಹೊಲಿಗೆ ಯಂತ್ರದ ಪೆಟ್ಟಿಗೆಯಷ್ಟು ಉದ್ದ. ಪಾದ್ರಿ ಮಾತು ನಿಲ್ಲಿಸಿದಾಗಲೆಲ್ಲ ನೆಲಮಾಳಿಗೆಯ ಪಂಪಿನ ಗುಂಯ್‌ಗುಡುವಿಕೆ ಕೇಳಿಸುತ್ತಿತ್ತು. ಬೇರೆಯವರಿಗೆ ಅದು ಕೇಳಿಸಿತೋ ಇಲ್ಲವೋ. ಲೀಲಂಡನ ಅಂಗಾಲಿಗೆ ನೆಲ ಬೆಚ್ಚಗಿತ್ತು. ಆ ಬಿಸಿಯಲ್ಲಿ ಹದಿನಾರರಲ್ಲೊಂದು ಪಾಲು ಹನ್ನೊಂದನೇ ಬೋರಿನದು ಎಂಬ ಲೆಕ್ಕ ಅವನು ಬೇಡವೆಂದರೂ ತಾನಾಗಿ ಆಗಿಹೋಯಿತು.

ಆಮೇಲೆ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಕಾಫಿ. ಜನ ದನಿ ತಗ್ಗಿಸಿದ್ದರೂ ಮಾತು ತಗ್ಗಿಸಿರಲಿಲ್ಲ.

"ಹಿಮದ ಮೇಲೆ ಹಾಕ್ಬೇಡ ಅಂತ ನಾನೇ ಹೇಳಿದ್ದೆ," ಎನ್ನುತ್ತಿದ್ದ ಪಕ್ಕದ ಫಾರಮಿನ ಮುದುಕ ಗೇಲರ್ಡ್. ಅವನೂ ಅದೇ ವಾರ ಹರಡಿದ್ದ.

"ನಿನ್ನ ಹಲ್ಲಿನ ಸೆಟ್ಟು ಕಳಚಿಟ್ಟು ಕಾಫಿ ಕುಡಿ ಗೇಲರ್ಡ್, ಬಾಯಿ ಸುಮ್ಮನಿರುತ್ತೆ," ಎಂದಳು ಬರ್ನಿಸ್. ಆದರೆ ಅವಳೂ ಡ್ವೇನ್ ಕೂತ ಮೇಜಿನ ಕಡೆ ಹೋಗಲಿಲ್ಲ. ಯಾರೂ ಹೋಗಲಿಲ್ಲ. ಕೆಂಡ್ರಾ ಅಲ್ಲಿರಲಿಲ್ಲ, ಸಮಾಧಿಯಿಂದ ನೇರ ಅವಳಮ್ಮನ ಕಾರು ಹತ್ತಿ ಹೋಗಿದ್ದಳು.

ಲೀಲಂಡ್ ಕೋಟು ತೆಗೆದುಕೊಳ್ಳಲು ಹೋದಾಗ ಡ್ವೇನ್ ಹಿಂದೆಯೇ ಬಂದ. ಮೂವತ್ತೊಂದರ ಹುಡುಗ, ಮದುವೆಯ ಸೂಟು ಈಗ ಹೆಗಲಲ್ಲಿ ಬಿಗಿಯಾಗಿತ್ತು. ಕೈಗಳು ಉಜ್ಜಿ ತೊಳೆದು ಕೆಂಪಾಗಿದ್ದವು. ಗೆಣ್ಣುಗಳಲ್ಲಿ ಚರ್ಮ ಒಡೆದಿತ್ತು.

"ಒಂದು ಮಾತು, ಲೀಲಂಡ್."

"ಹೇಳಪ್ಪ."

"ನೀವು ನೆಲ ಬಲ್ಲೋರು. ಬಾವಿ ಕೊರೆದ ದಿನ ಹಸಿರು ಕಲ್ಲಿನ ಪುಡಿ ನನ್ನ ಅಂಗೈಗೆ ಹಾಕಿ ತೋರಿಸಿದ್ರಿ. ಹದಿನೆಂಟು ಅಡಿ ದಪ್ಪ ಇದೆ, ಇದರ ಕೆಳಗಿನ ನೀರಿಗೆ ಮೇಲಿನ ಕೊಳೆ ಮುಟ್ಟಲ್ಲ, ನಿನ್ನ ಮೊಮ್ಮಕ್ಕಳೂ ಕುಡೀಬಹುದು ಅಂದ್ರಿ."

"ಅಂದಿದ್ದೆ."

"ಮತ್ತೆ ಹೆಂಗೆ ಹೋಯ್ತು?"

ಲೀಲಂಡ್ ಕೋಟಿನ ತೋಳಿಗಾಗಿ ತಡಕಾಡಿದ. ಕೈ ಅಸ್ತರಿನೊಳಗೆ ಸಿಕ್ಕಿಕೊಂಡಿತು. "ನೆಲದ ವಿಷಯ ಹಿಂಗೇ ಅಂತ ಹೇಳೋಕಾಗಲ್ಲ, ಡ್ವೇನ್."

"ಹಂಗಾದ್ರೆ ಸಗಣೀನೇ," ಎಂದ ಡ್ವೇನ್. ಕೇಳಿದ್ದಲ್ಲ, ಒಪ್ಪಿಕೊಂಡದ್ದು. "ಕೆಂಡ್ರಾ ಅಮ್ಮ ಬಾಯಿಬಿಟ್ಟೇ ಅಂದ್ರು. ನೀನೇ ಹರಡಿದೆ, ನೀನೇ ಕೊಂದೆ ಅಂತ. ಕೆಂಡ್ರಾನೂ ಹಂಗಲ್ಲ ಅನ್ನಲಿಲ್ಲ."

*

ಮಾರಿಟ್ ಶೆಡ್ಡಿನ ಕಚೇರಿಯಲ್ಲಿದ್ದಳು. ಕಪ್ಪು ಉಡುಪಿನ ಕೆಳಗೆ ಕೆಲಸದ ಬೂಟು. ಗೋಡೆಯ ಮೇಲೆ ಅವಳ ಲೈಸೆನ್ಸು, ಪಕ್ಕದಲ್ಲಿ ಆರ್ವಿಡ್ ಮಗಳ ಹೆಗಲ ಮೇಲೆ ಕೈಹಾಕಿ ನಿಂತ ಫೋಟೋ.

"ಏನು ಚಿಕ್ಕಪ್ಪ, ಸ್ಯಾಂಡ್‌ವಿಚ್ ಮುಟ್ಟದೆ ಬಂದ್ಬಿಟ್ಟೆಯಂತೆ? ಬರ್ನಿಸ್ ಫೋನ್ ಮಾಡಿ ನನಗೆ ಬೈದ್ಲು."

ಅವನು ಕಾಫಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಹನ್ನೊಂದನೇ ಗಂಟನ್ನು ಹೆಕ್ಕಿ ಅವಳ ಮುಂದಿಟ್ಟ. ಅವಳು ಈ ಕಸುಬಿನಲ್ಲೇ ಬೆಳೆದವಳು. ದಾರಗಳನ್ನು ಬಿಡಿಸಿ ಎಣಿಸಿದಳು, ಚೀಟಿ ನೋಡಿದಳು, ಇನ್ನೊಮ್ಮೆ ಎಣಿಸಿದಳು.

"ಇದರಲ್ಲಿ ಕೆಂಪು ಯಾಕಿದೆ?"

"ಗ್ರೌಟ್ ಬಿರುಕಿಗೆ ಹೋಯ್ತು. ಉಳಿದಿದ್ದು ಚಿಪ್ಸ್ ಮಾತ್ರ."

"ಅಪ್ಪ ನನಗೆ ಹನ್ನೊಂದು ಅಂದ್ರು."

"ಹೂಂ."

"ನೀನು ಅಲ್ಲೇ ಇದ್ದೆ."

"ಇದ್ದೆ."

"ನಿಂತಿದೆ ಅಂತ ಕೂಗಿದ್ದು ನೀನು. ನಾನು ಯಂತ್ರದ ಮೇಲಿದ್ದೆ, ನನಗೆ ನೆನಪಿದೆ." ದನಿ ಒಂದು ಮಟ್ಟ ಮೇಲೇರಿತು. "ಟೇಪು ಬಿಟ್ಟೆಯಾ?"

"ಗಾಡೀಲಿತ್ತು."

"ಗಾಡಿ ಎಲ್ಲಿತ್ತು?"

"ನಲವತ್ತು ಹೆಜ್ಜೆ."

ಅವಳು ನಕ್ಕಳು. ಕೇಳಲು ಹಿತವಲ್ಲದ ನಗು. "ಟೇಪು ಬಿಡದೆ ಚಿಪ್ಸ್ ಸುರೀಬೇಡ ಅಂತ ನನಗೆ ಇಪ್ಪತ್ತು ಸಲ ಬೈದಿದೀಯಲ್ಲ, ಚಿಕ್ಕಪ್ಪ. ಹುಡುಗರ ಮುಂದೆ ಮರ್ಯಾದೆ ತೆಗೆದಿದೀಯ."

"ಅದೆಲ್ಲಾ ಅದಾದ ಮೇಲೆ."

ಹೊರಗೆ ಸೂರಿನ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಮಾರಿಟ್ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಮಾತಾಡಿದಾಗ ಅದು ಕೆಲಸದ ದನಿ.

"ನಾವೇ ಸರಿಮಾಡೋಣ. ಪೈಪು ಸೋರ್ತಿದೆ ಅಂತ ಚರ್ಚಿಗೆ ಹೇಳಿ, ಆ ಒಂದು ಬೋರನ್ನ ಬಿಚ್ಚಿ, ಕೊರೆದು, ತಳದಿಂದ ಸರಿಯಾಗಿ ಮುಚ್ಚೋಣ. ಎರಡು ದಿನದ ಕೆಲಸ. ನೀರು ನಿಧಾನಕ್ಕೆ ತಾನೇ ತಿಳಿಯಾಗುತ್ತೆ. ಅಪ್ಪನ ಹೆಸರೂ ಉಳಿಯುತ್ತೆ."

ಇದನ್ನು ಲೀಲಂಡನೂ ದಾರಿಯುದ್ದಕ್ಕೂ ಯೋಚಿಸಿದ್ದ. ತಪ್ಪೇನೂ ಕಾಣದ ಉಪಾಯ. ನೆಲದ ಮಟ್ಟಿಗೆ ಎಲ್ಲವೂ ಸರಿಹೋಗುತ್ತದೆ.

"ನೀರು ಸರಿಹೋಗುತ್ತೆ," ಎಂದ. "ಡ್ವೇನ್?"

ಅವಳು ಗೋಡೆಯ ಫೋಟೋ ಕಡೆ ನೋಡಿದಳು.

"ಅವನು ಸಾಯೋವರೆಗೂ ತಾನೇ ಕೊಂದೆ ಅಂತಿರ್ತಾನೆ. ಊರೂ ಹಂಗೇ ಅಂತಿರುತ್ತೆ. ಗೇಲರ್ಡ್ ಈಗಾಗಲೇ ಅಂತಿದಾನೆ."

"ನನ್ನ ಮೊದಲನೇ ಸಹಿ ಅದು, ಚಿಕ್ಕಪ್ಪ."

"ಗೊತ್ತು."

"ಲೈಸೆನ್ಸ್ ಹೋಗುತ್ತೆ. ಐದು ಜನ ಹುಡುಗರು ನಮ್ಮನ್ನ ನಂಬಿಕೊಂಡಿದಾರೆ."

"ಗೊತ್ತು, ಮಗಳೇ."

ಅವಳು ದಾರಗಳನ್ನು ಮೊದಲಿನಂತೆಯೇ ಸೇರಿಸಿ ಗಂಟು ಹಾಕಿದಳು. ಬಿಳಿ, ಕೆಂಪು, ಚೀಟಿ. ಅವನ ಕೈಗಿಟ್ಟಳು. "ಯೇಗರ್‌ಗೆ ನಾನೇ ಫೋನ್ ಮಾಡ್ತೀನಿ. ಸಹಿ ನಂದು. ಡ್ವೇನ್‌ಗೆ ಹೇಳೋದು ನಿನ್ನ ಕೆಲಸ. ಅಲ್ಲಿಗೆ ನಾನು ಬರಲ್ಲ." ಅವನು ಬಾಗಿಲು ತಲುಪಿದಾಗ ಬೆನ್ನ ಹಿಂದಿನಿಂದ ಕೇಳಿದಳು: "ಅಪ್ಪನಿಗೆ ಗೊತ್ತಿತ್ತಾ? ಚಿಪ್ಸ್ ನೇತಾಡ್ತಿರಬಹುದು ಅಂತ?"

"ಅವನು ನನ್ನ ಮಾತು ನಂಬಿದ," ಎಂದ ಲೀಲಂಡ್. ಅದು ನಿಜವೇ ಎಂದು ಅವನಿಗೆ ಖಚಿತವಿರಲಿಲ್ಲ.

*

ಮರುದಿನ ಬೆಳಿಗ್ಗೆ ಡ್ವೇನ್ ಹಾಲು ಕರೆಯುವ ಕೊಟ್ಟಿಗೆಯಲ್ಲಿದ್ದ. ಹಸುಗಳಿಗೆ ಸಾವು ಗೊತ್ತಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಕೆಚ್ಚಲು ತುಂಬುತ್ತದೆ. ಲೀಲಂಡ್ ಅವನ ಪಕ್ಕ ನಿಂತು, ಯಂತ್ರದ ಸದ್ದಿನ ನಡುವೆ, ಎಲ್ಲವನ್ನೂ ಮೊದಲಿನಿಂದ ಹೇಳಿದ. ಬಿರುಕು, ಮೂವತ್ತೊಂದು ಚೀಲ, ಒಂಬತ್ತು ಚೀಲ, ಟೇಪು, ಕೂಗು. ಸಣ್ಣದು ಮಾಡಿ ಹೇಳಲಿಲ್ಲ. ಜೇಬಿನಿಂದ ದಾರದ ಗಂಟು ತೆಗೆದು ತೋರಿಸಿದ. ಡ್ವೇನ್ ಅದನ್ನು ಮುಟ್ಟಲಿಲ್ಲ.

"ಸಗಣಿ ಮೇಲಿನ ಕಲ್ಲಿಗೆ ಇಳಿದಿರಬಹುದು," ಎಂದ ಲೀಲಂಡ್. "ನಿಂದು, ಗೇಲರ್ಡಂದು, ಎಲ್ಲರದ್ದೂ. ವರ್ಷಾ ವರ್ಷಾ ಇಳಿಯುತ್ತೆ. ಹಸಿರು ಕಲ್ಲಿನ ಮೇಲೇ ನಿಲ್ತಿತ್ತು. ಅದನ್ನ ದಾಟಿಸಿದ್ದು ನನ್ನ ತೂತು."

ಡ್ವೇನ್ ಒಂದು ಹಸುವಿನ ಕೆಚ್ಚಲಿನಿಂದ ಕೊಳವೆ ಕಳಚಿದ. ಮುಂದಿನದಕ್ಕೆ ಹಾಕಲಿಲ್ಲ, ಕೈಯಲ್ಲೇ ಹಿಡಿದುಕೊಂಡ. ಅದು ಗಾಳಿ ಹೀರುತ್ತಾ ಉಸ್ಸೆನ್ನುತ್ತಿತ್ತು.

"ಯೇಗರ್ ನಿಮ್ಮ ಶೆಡ್ಡಿಗೆ ಬಂದಿದ್ದು ಯಾವತ್ತು?"

"ಹೋದ ಮಂಗಳವಾರಕ್ಕೆ ಹಿಂದಿನ ಮಂಗಳವಾರ."

"ಹ್ಯಾಟಿ ಬದುಕಿದ್ಲು."

"ಅವತ್ತು ಹೇಳಿದ್ರೂ ಅವಳಿಗೆ ವ್ಯತ್ಯಾಸ ಆಗ್ತಿರಲಿಲ್ಲ, ಡ್ವೇನ್. ಆಸ್ಪತ್ರೇಲಿ ಬೇರೆ ನೀರು..."

"ಅವಳಿಗಲ್ಲ." ಡ್ವೇನ್ ಮೊದಲ ಸಲ ಅವನ ಮುಖ ನೋಡಿದ. "ಮಂಗಳವಾರ ಸಾಯಂಕಾಲ ಯೇಗರ್ ಆಸ್ಪತ್ರೆಗೆ ಫೋನ್ ಮಾಡಿ ಸಗಣಿ ಅಂದ್ರು. ಅಲ್ಲಿಂದ ಶನಿವಾರದವರೆಗೆ ನಾನು ಅವಳನ್ನ ಮುಟ್ಟಲಿಲ್ಲ. ನರ್ಸ್ ಎತ್ಕೊಳ್ಳಿ ಅಂದ್ಲು. ಕೈ ತೊಳ್ಕೊಂಡು ಬರ್ತೀನಿ ಅಂತ ಹೋಗೋದು, ತೊಳೆಯೋದು, ವಾಪಸ್ ಬಂದು ಬಾಗಿಲಲ್ಲೇ ನಿಲ್ಲೋದು. ನಾಲ್ಕು ದಿನ."

ಲೀಲಂಡ್ ದಾರದ ಗಂಟನ್ನು ಜೇಬಿಗೆ ಹಾಕಿಕೊಂಡ.

"ಇದನ್ನ ಕೆಂಡ್ರಾಗೆ ಹೇಳಿ," ಎಂದ ಡ್ವೇನ್. ಕೊಳವೆಯನ್ನು ಮುಂದಿನ ಹಸುವಿಗೆ ಹಾಕಿದ. "ಅವರಮ್ಮನ ಮುಂದೆ ಹೇಳಿ. ಆಮೇಲೆ ಈ ಕಡೆ ಬರಬೇಡಿ."

ಲೀಲಂಡ್ ಅದೇ ದಿನ ಹೋಗಿ ಹೇಳಿದ. ಕೆಂಡ್ರಾಳ ಅಮ್ಮ ಕೂರು ಎನ್ನಲಿಲ್ಲ. ಕೆಂಡ್ರಾ ಕೊನೆಯವರೆಗೂ ಕೇಳಿ, ಒಂದೇ ಒಂದು ಪ್ರಶ್ನೆ ಕೇಳಿದಳು: ಕುದಿಸದೆ ಕೊಟ್ಟಿದ್ದರೆ ಉಳಿಯುತ್ತಿತ್ತಾ? ಅವನು ಗೊತ್ತಿಲ್ಲ ಎಂದ. ಅದು ನಿಜವಾಗಿತ್ತು. ಅವಳು ಆ ತಿಂಗಳು ಮನೆಗೆ ಬರಲಿಲ್ಲ.

*

ಏಪ್ರಿಲ್ 18, ಮಂಗಳವಾರ, ಬೆಳಿಗ್ಗೆ ಹತ್ತು. ಮಾರಿಟಳ ಲೈಸೆನ್ಸು ಅಮಾನತಾಗಿದ್ದರಿಂದ ಬೇರೆ ಕೌಂಟಿಯ ಯಂತ್ರ ಬಂದಿತ್ತು. ಹನ್ನೊಂದನೇ ಬೋರಿನ ಪೈಪನ್ನು ಉಳಿದವುಗಳಿಂದ ಬೇರೆ ಮಾಡಿ, ದ್ರವವನ್ನೆಲ್ಲ ಪೀಪಾಯಿಗೆ ತೆಗೆದು, ಮೇಲಿನ ಜೇಡಿಯನ್ನು ಕೊರೆಯಲು ಶುರುಮಾಡಿದರು. ಚರ್ಚಿನ ಕಿಟಕಿಯಲ್ಲಿ ಬರ್ನಿಸ್ ಮತ್ತು ಇನ್ನಿಬ್ಬರು ಹೆಂಗಸರು. ಯಾರೂ ಹೊರಗೆ ಬರಲಿಲ್ಲ, ಮೀನಿನ ಮಾತಾಡಲಿಲ್ಲ. ಗುಡ್ಡದ ಕೆಳಗೆ, ಬೇಲಿಯ ಆಚೆ, ಡ್ವೇನ್ ಕೈಕಟ್ಟಿ ನಿಂತಿದ್ದ.

ಮೂವತ್ತನಾಲ್ಕು ಅಡಿ ಆರು ಇಂಚಿಗೆ ಕೊರೆಯುವ ಕಡ್ಡಿ ತಟ್ಟನೆ ಕುಸಿಯಿತು. ಯಂತ್ರದವನು ಕೈಯೆತ್ತಿ ನಿಲ್ಲಿಸಿದ. ಬಿರಡೆ ಮುಗಿದಿತ್ತು.

ಕಡ್ಡಿಯನ್ನು ಮೇಲೆಳೆದ ಮೇಲೆ ಮಿಸೆಸ್ ಯೇಗರ್ ತೂಕ ಕಟ್ಟಿದ ಟೇಪಿನ ಸುರುಳಿಯನ್ನು ಲೀಲಂಡನ ಕೈಗೆ ಕೊಟ್ಟರು. ದ್ವೇಷದಿಂದ ಕೊಟ್ಟದ್ದಲ್ಲ. ಟೇಪು ತಳ ಮುಟ್ಟಿದ್ದನ್ನು ಕೈಯಲ್ಲೇ ತಿಳಿಯಬಲ್ಲವರು ಅಲ್ಲಿ ಅವನಷ್ಟು ಯಾರೂ ಇರಲಿಲ್ಲ.

"ಇಳಿಸಿ," ಎಂದರು. "ನಾನು ಬರ್ಕೋತೀನಿ."

ಮಾರಿಟ್ ತೂತಿನ ಆಚೆ ಬದಿಗೆ ಬಂದು ನಿಂತಳು. ಲೀಲಂಡ್ ಮಂಡಿಯೂರಿ ಟೇಪು ಬಿಟ್ಟ. ಐವತ್ತು ಅಡಿ ದಾಟಿತು. ಬೆರಳಿಗೆ ತೂಕ ಹಾಗೇ ಇತ್ತು. ಎಂಬತ್ತು. ತೂತಿನೊಳಗೆ ಎಲ್ಲೋ ಗೋಡೆಯಿಂದ ನೀರು ಸುರಿಯುವ ಸದ್ದು ಬರುತ್ತಿತ್ತು, ಯಾರೋ ನಲ್ಲಿ ನಿಲ್ಲಿಸುವುದನ್ನು ಮರೆತ ಹಾಗೆ. ಬೇಲಿಯವರೆಗೆ ಅದು ಕೇಳಿಸುವಂತಿರಲಿಲ್ಲ. ನೂರ ಎರಡಕ್ಕೆ ತೂಕ ನೀರಿಗೆ ತಾಗಿ ಸ್ವಲ್ಪ ಹಗುರಾಯಿತು. ಹಸಿರು ಕಲ್ಲಿನ ಆಳ ಬಂತು, ಹೋಯಿತು. ಟೇಪು ಇಳಿಯುತ್ತಲೇ ಇತ್ತು. ಅವನು ಬಾಯಲ್ಲಿ ಅಂಕಿ ಹೇಳುವುದನ್ನು ನಿಲ್ಲಿಸಿದ್ದ, ಮಾರಿಟ್ ಓದುತ್ತಿದ್ದಳು.

ಕೊನೆಗೆ ಟೇಪು ಸಡಿಲವಾಯಿತು. ಎರಡು ಸಲ ಎತ್ತಿ ಬಿಟ್ಟು ನೋಡಿದ. ತಳ ಗಟ್ಟಿಯಾಗಿತ್ತು. ಹಳೇ ಗ್ರೌಟ್, ಬಿರುಕಿನ ಕೆಳಗೆ, ತಾನಿದ್ದಲ್ಲೇ ಇತ್ತು.

"ನಿಂತಿದೆಯಾ?" ಎಂದರು ಮಿಸೆಸ್ ಯೇಗರ್. ಅಭ್ಯಾಸಬಲದ ಮಾತು. ಹೇಳಿದ ಮೇಲೆ ತುಟಿ ಬಿಗಿದುಕೊಂಡರು.

ಲೀಲಂಡ್ ಆ ಮಾತನ್ನು ಹೇಳಲಿಲ್ಲ. ಬಾಯಿಯ ಮಟ್ಟಕ್ಕೆ ಟೇಪನ್ನು ಉಗುರಿನಿಂದ ಒತ್ತಿ ಹಿಡಿದು ಮಾರಿಟಳ ಕಡೆ ತಿರುಗಿಸಿದ. ಅವಳು ಬಗ್ಗಿ ಓದಿದಳು: ನೂರ ನಲವತ್ತೊಂಬತ್ತು ಅಡಿ ಎರಡು ಇಂಚು. ಮಿಸೆಸ್ ಯೇಗರ್ ಅದರಲ್ಲಿ ಮೂವತ್ತನಾಲ್ಕು ಅಡಿ ಆರು ಇಂಚು ಕಳೆದು, ವರದಿಯ ಹನ್ನೊಂದನೇ ಹಾಳೆಯಲ್ಲಿ, ಹಳೇ ಸಹಿಯ ಕೆಳಗೆ ಬರೆದರು. ಗ್ರೌಟ್ ಇಲ್ಲದ ಉದ್ದ: ನೂರ ಹದಿನಾಲ್ಕು ಅಡಿ ಎಂಟು ಇಂಚು.